ಸ್ಮಾರ್ಟ್ ಮೀಟರ್ ಡೇಟಾ: ಮುಂಬಯಿ, ಪುಣೆ, ಗೋವಾದ ನಮ್ಮ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಡೊಂಬಿವಲಿಯಲ್ಲಿ. ಮೀಟರ್‌ನಿಂದ ಹೊರಟ ಲೆಕ್ಕ ಸರ್ವರ್ ತನಕ ಸರಿಯಾಗಿ ತಲುಪುವ ಹಾಗೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಹಾಗಾಗಿ ಮದುವೆಗೆ ಹೋದರೂ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೂ, ಎಲೆ ಮುಂದೆ ಕೂತ ಕೂಡಲೇ ಯಾರಾದರೂ ಒಬ್ಬರು "ಏನ್ರೀ ಇದು ನಿಮ್ಮ ಹೊಸ ಮೀಟರ್ ಕಥೆ" ಅಂತ ಶುರು ಮಾಡುತ್ತಾರೆ. ಪಾಯಸ ಬರುವಷ್ಟರಲ್ಲಿ ನಾಲ್ಕು ಜನ ಸೇರಿರುತ್ತಾರೆ. ಒಮ್ಮೆ ಬರೆದಿಟ್ಟರೆ ಮುಂದಿನ ಸಲ ಲಿಂಕ್ ಕಳಿಸಿ ನೆಮ್ಮದಿಯಾಗಿ ಊಟ ಮಾಡಬಹುದು ಅಂತ ಇದನ್ನು ಬರೆದೆ.

ನಮ್ಮನೆ ಮೀಟರ್ ಸ್ಮಾರ್ಟ್ ಹೌದೋ ಅಲ್ಲವೋ, ತಿಳಿಯುವುದು ಹೇಗೆ?

ಅಂಕಿ ತೋರಿಸುವ ಪರದೆ ಇದ್ದ ಮಾತ್ರಕ್ಕೆ ಸ್ಮಾರ್ಟ್ ಅಲ್ಲ. ಮೀಟರ್ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಐಎಸ್ (ಅಂದರೆ ಭಾರತೀಯ ಮಾನಕ) 13779 ಅಂತಿದ್ದರೆ ಹಳೆಯ ಎಲೆಕ್ಟ್ರಾನಿಕ್ ಮೀಟರ್. ಐಎಸ್ 16444 ಅಂತಿದ್ದರೆ ಸ್ಮಾರ್ಟ್ ಮೀಟರ್, ಈ ಸ್ಟ್ಯಾಂಡರ್ಡ್ ಬಂದದ್ದು 2015ರಲ್ಲಿ. ಹೊಸದು ಎರಡೂ ಕಡೆ ಮಾತಾಡುತ್ತದೆ, ಅಂದರೆ ಲೆಕ್ಕ ಕಳಿಸುತ್ತದೆ, ಅತ್ತ ಕಡೆಯಿಂದ ಹೇಳಿದ್ದನ್ನೂ ಕೇಳುತ್ತದೆ. ಜೊತೆಗೆ ಅದರ ಹೊಟ್ಟೆಯೊಳಗೆ ದೂರದಿಂದಲೇ ಕರೆಂಟ್ ಆನ್ ಆಫ್ ಮಾಡುವ ಒಂದು ಸ್ವಿಚ್ ಇರುತ್ತದೆ.

ಇದನ್ನೆಲ್ಲ ಹಾಕುತ್ತಿರುವುದು ಯಾರು? ಎಲ್ಲ ಕಡೆ ಒಂದೇ ನಿಯಮವಾ?

ಇಲ್ಲ. ನಮ್ಮ ಕಡೆ ಊರಿಗೊಬ್ಬರು, ಕೆಲವು ಕಡೆ ಬೀದಿಗೊಬ್ಬರು. ಕೊಲಾಬಾದಿಂದ ಮಾಹಿಮ್, ಸಾಯನ್ ತನಕ ಹಳೆಯ ಮುಂಬಯಿಯಲ್ಲಿ ಬೆಸ್ಟ್. ಉಪನಗರಗಳಲ್ಲಿ ಅದಾನಿ ಎಲೆಕ್ಟ್ರಿಸಿಟಿ ಮತ್ತು ಟಾಟಾ ಪವರ್. ಮುಲುಂಡ್, ಭಾಂಡುಪ್, ಠಾಣೆ, ನವಿ ಮುಂಬಯಿ, ನಮ್ಮ ಡೊಂಬಿವಲಿ, ಆಮೇಲೆ ಪುಣೆ ಇಡೀ ಮಹಾವಿತರಣ, ಅಂದರೆ ಮಹಾರಾಷ್ಟ್ರ ಸರ್ಕಾರದ ವಿತರಣಾ ಕಂಪನಿ. ಗೋವಾದಲ್ಲಿ ಕಂಪನಿಯೇ ಇಲ್ಲ, ಸರ್ಕಾರದ ವಿದ್ಯುತ್ ಇಲಾಖೆಯೇ ನೇರವಾಗಿ ಕರೆಂಟ್ ಕೊಡುತ್ತದೆ. ದರ ತೀರ್ಮಾನಿಸುವ ಆಯೋಗವೂ ಮಹಾರಾಷ್ಟ್ರಕ್ಕೆ ಬೇರೆ, ಗೋವಾಕ್ಕೆ ಬೇರೆ. ಹಾಗಾಗಿ ವಾಸ್ಕೋದಲ್ಲಿರುವ ಭಾವನ ಬಿಲ್ ತೋರಿಸಿ ಪಿಂಪ್ರಿ ಆಫೀಸಿನಲ್ಲಿ ಜಗಳ ಆಡಬೇಡಿ, ನಡೆಯುವುದಿಲ್ಲ.

ಇದರ ಹಿಂದಿನ ದೊಡ್ಡ ಯೋಜನೆ ಕೇಂದ್ರದ್ದು. ವಿದ್ಯುತ್ ವಿತರಣೆ ಸುಧಾರಿಸಲು 2021ರಲ್ಲಿ ಶುರುವಾದ ಆರ್‌ಡಿಎಸ್‌ಎಸ್. ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್ ಹಾಕಬೇಕು ಅನ್ನುವುದು ಅದರ ಗುರಿ.

ರೀಚಾರ್ಜ್ ಮಾಡದಿದ್ದರೆ ರಾತ್ರೋರಾತ್ರಿ ಕರೆಂಟ್ ಹೋಗುತ್ತಾ?

ಪ್ರಿಪೇಯ್ಡ್ ಅನ್ನುವುದು ಮೀಟರ್‌ನ ಹುಟ್ಟುಗುಣ ಅಲ್ಲ, ಅದು ಬಿಲ್ ಮಾಡುವ ಒಂದು ವಿಧಾನ ಅಷ್ಟೆ. ಅದೇ ಮೀಟರ್ ಪೋಸ್ಟ್‌ಪೇಯ್ಡ್ ಆಗಿಯೂ ಓಡುತ್ತದೆ. ಮನೆ ಗ್ರಾಹಕರಿಗೆ ಪ್ರಿಪೇಯ್ಡ್ ಬೇಡ ಅಂತ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಹೇಳಿತು. ಮಹಾವಿತರಣ ಈಗ ಹಾಕುತ್ತಿರುವುದನ್ನು ಟಿಒಡಿ (ಹೊತ್ತಿಗೊಂದು ದರದ) ಮೀಟರ್ ಅಂತ ಕರೆಯುತ್ತಾರೆ, ಲೈಟ್ ಬಿಲ್ ಮೊದಲಿನ ಹಾಗೇ ತಿಂಗಳ ಕೊನೆಗೆ.

ಇನ್ನೊಂದು ವಿಷಯ. ಪ್ರಿಪೇಯ್ಡ್ ಇದ್ದರೂ ಬ್ಯಾಲೆನ್ಸ್ ಮೀಟರ್ ಒಳಗೆ ಇರುವುದಿಲ್ಲ. ಅದು ಸರ್ವರ್‌ನಲ್ಲಿ ಇರುತ್ತದೆ. ಮೀಟರ್ ರೀಡಿಂಗ್ ಕಳಿಸುತ್ತದೆ, ಸರ್ವರ್ ಕಳೆಯುತ್ತದೆ, ದುಡ್ಡು ಮುಗಿದರೆ ಆಫ್ ಮಾಡು ಅಂತ ಆದೇಶ ಕಳಿಸುತ್ತದೆ. ದುಡ್ಡು ಕಟ್ಟಿದ ಮೇಲೆ ಕರೆಂಟ್ ಬರಲು ತಡವಾಯಿತು ಅಂದರೆ ಬಹಳ ಸಲ ತಪ್ಪು ಬ್ಯಾಂಕಿನದ್ದಲ್ಲ, ಆ ಆನ್ ಮಾಡು ಅನ್ನುವ ಆದೇಶ ಮೀಟರ್ ತನಕ ತಲುಪಿರುವುದಿಲ್ಲ. ಹಾಗಾಗಿ ಪ್ರಿಪೇಯ್ಡ್ ಇರುವ ಊರಲ್ಲಿ ನೆಟ್‌ವರ್ಕ್ ಜಾಸ್ತಿ ಗಟ್ಟಿಯಾಗಿರಬೇಕು.

ಮೀಟರ್ ಏನೇನು ಕಳಿಸುತ್ತದೆ? ನಾನು ಯಾವ ಸೀರಿಯಲ್ ನೋಡುತ್ತೇನೆ ಅಂತಲೂ ಗೊತ್ತಾಗುತ್ತಾ?

ಸೀರಿಯಲ್ ಗೊತ್ತಾಗುವುದಿಲ್ಲ, ಧೈರ್ಯವಾಗಿ ನೋಡಿ. ಮೀಟರ್‌ಗೆ ಟಿವಿಯೂ ಗೊತ್ತಿಲ್ಲ, ಮಿಕ್ಸಿಯೂ ಗೊತ್ತಿಲ್ಲ. ಮನೆಗೆ ಒಟ್ಟು ಎಷ್ಟು ಕರೆಂಟ್ ಹರಿಯಿತು ಅನ್ನುವುದೊಂದೇ ಗೊತ್ತು. ಪ್ರತಿ 15 ಅಥವಾ 30 ನಿಮಿಷಕ್ಕೊಮ್ಮೆ ಅದು ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ: ಹೊತ್ತು ಎಷ್ಟು, ಸರಾಸರಿ ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು, ಆ ಹೊತ್ತಿನಲ್ಲಿ ಎಷ್ಟು ಯೂನಿಟ್ ಒಳಗೆ ಬಂತು, ಸೋಲಾರ್ ಇದ್ದರೆ ಎಷ್ಟು ಹೊರಗೆ ಹೋಯಿತು. ಇದಕ್ಕೆ ನಾವು ಲೋಡ್ ಸರ್ವೇ ಅಥವಾ ಬ್ಲಾಕ್ ಲೋಡ್ ಅನ್ನುತ್ತೇವೆ. ಮಧ್ಯರಾತ್ರಿಗೆ ಆ ದಿನದ ಒಟ್ಟು ಲೆಕ್ಕ. ತಿಂಗಳ ಮೊದಲ ದಿನ ಬಿಲ್ಲಿನ ಲೆಕ್ಕ.

ಇದಲ್ಲದೆ ಘಟನೆಗಳು. ಕರೆಂಟ್ ಹೋದರೆ 101, ಯಾರಾದರೂ ಅಯಸ್ಕಾಂತ ಹಿಡಿದರೆ 201, ಮುಚ್ಚಳ ತೆಗೆದರೆ 251. ಹೀಗೆ ಒಂದೊಂದಕ್ಕೂ ಒಂದು ನಂಬರ್. 251 ಬಂದರೆ ಯಾವ ಕಾರಣಕ್ಕೂ ಅದು ಅಳಿಯುವುದಿಲ್ಲ, ಆಮೇಲೆ "ಧೂಳು ಒರೆಸಿದೆ ಅಷ್ಟೇ" ಅಂದರೆ ಯಾರೂ ನಂಬುವುದಿಲ್ಲ.

ಬೇರೆ ಬೇರೆ ಕಂಪನಿಯ ಮೀಟರ್ ಇವೆಯಲ್ಲ, ಎಲ್ಲವೂ ಒಂದೇ ಭಾಷೆ ಆಡುತ್ತವಾ?

ಆಡಬೇಕು. ಭಾಷೆಯ ಹೆಸರು ಡಿಎಲ್‌ಎಂಎಸ್ ಕೊಸೆಮ್. ನಮ್ಮ ದೇಶಕ್ಕೆ ಹೊಂದುವ ಹಾಗೆ ಅದನ್ನು ಐಎಸ್ 15959ರಲ್ಲಿ ಬರೆದಿಟ್ಟಿದ್ದಾರೆ, ಸ್ಮಾರ್ಟ್ ಮೀಟರಿನ ಭಾಗ ಬಂದದ್ದು 2016ರಲ್ಲಿ. ಪ್ರತಿ ಅಳತೆಗೂ ಒಂದು ವಿಳಾಸ ಇದೆ. ಒಳಗೆ ಬಂದ ಯೂನಿಟ್ಟಿಗೆ 1.8.0, ಹೊರಗೆ ಹೋದದ್ದಕ್ಕೆ 2.8.0. ಎಷ್ಟೋ ಮೀಟರ್‌ಗಳ ಪರದೆಯಲ್ಲೂ ಈ ಅಂಕಿ ಮೂಲೆಯಲ್ಲಿ ಕಾಣುತ್ತದೆ. ಛಾವಣಿ ಮೇಲೆ ಸೋಲಾರ್ ಹಾಕಿಸಿದವರು ಇವೆರಡನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಮುಗಿಯಿತು.

ಆದರೆ ಸ್ಟ್ಯಾಂಡರ್ಡ್ ಇದ್ದ ಮಾತ್ರಕ್ಕೆ ಎಲ್ಲವೂ ಸಲೀಸು ಅಂದುಕೊಳ್ಳಬೇಡಿ. ಧಾರವಾಡದವರದ್ದೂ ಕನ್ನಡ, ಮಂಗಳೂರಿನವರದ್ದೂ ಕನ್ನಡ, ಇಬ್ಬರು ಒಂದೇ ಕೋಣೆಯಲ್ಲಿ ಕೂತರೆ ಮೊದಲ ವಾರ "ಏನಂದ್ರಿ?" ಅಂತ ಎಷ್ಟು ಸಲ ಕೇಳುತ್ತಾರೆ ನೋಡಿ. ಮೀಟರ್‌ಗಳದ್ದೂ ಹಾಗೇ.

ದಿನಕ್ಕೆ ಎಷ್ಟು ಡೇಟಾ ಹೋಗುತ್ತದೆ? ಅದರ ದುಡ್ಡು ನಮ್ಮ ತಲೆ ಮೇಲಾ?

ನಿಮ್ಮ ಮೊಬೈಲ್ ಡೇಟಾದಿಂದ ಒಂದು ಬೈಟ್ ಕೂಡ ಹೋಗುವುದಿಲ್ಲ. ಮೀಟರ್‌ಗೆ ಅದರದೇ ದಾರಿ ಇದೆ. ಸಿಮ್ ಇರುವ ಮೀಟರ್ ಆದರೆ ಅದಕ್ಕೆ ಯಂತ್ರಗಳಿಗೆಂದೇ ಇರುವ 13 ಅಂಕಿಯ ನಂಬರ್.

ಎಷ್ಟು ಅಂತ ಲೆಕ್ಕ ಹಾಕೋಣ. ಮೇಲೆ ಹೇಳಿದ ಒಂದು ಸಾಲು ಸುಮಾರು 40 ಬೈಟ್. 15 ನಿಮಿಷಕ್ಕೊಂದು ಅಂದರೆ ದಿನಕ್ಕೆ 96 ಸಾಲು. 96ನ್ನು 40ರಿಂದ ಗುಣಿಸಿದರೆ 3840 ಬೈಟ್, ನಾಲ್ಕು ಕೆಬಿಯೂ ಇಲ್ಲ. ತಿಂಗಳಿಗೆ ನೂರಿಪ್ಪತ್ತು ಕೆಬಿಯ ಒಳಗೆ. ಬೆಳಗ್ಗೆ ಎದ್ದ ಕೂಡಲೇ ಮಾಮಾ ಕಳಿಸುತ್ತಾರಲ್ಲ, ಗುಲಾಬಿ ಹೂವಿನ ಶುಭೋದಯ ಫೋಟೊ, ಅಂಥದ್ದೊಂದರಷ್ಟು. ಇಡೀ ತಿಂಗಳಿಗೆ!

ಅಷ್ಟು ಚಿಕ್ಕದಾದರೆ ಕಳಿಸಲು ಕಷ್ಟ ಏನು? ಇದಕ್ಕೆ ಇಂಜಿನಿಯರ್‌ಗಳು ಬೇಕಾ?

ಈ ಪ್ರಶ್ನೆ ಕೇಳಿದ್ದು ನನ್ನ ಹೆಂಡತಿ. ಉತ್ತರ ಸ್ವಲ್ಪ ಉದ್ದ ಇದೆ.

ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲಿಗೆ ಹೋಗಿದ್ದೀರಿ ಅಂದುಕೊಳ್ಳಿ. ನಾಲ್ಕು ಜನ, ಎಂಟು ಇಡ್ಲಿ. ಮಾಣಿ ಒಂದು ಇಡ್ಲಿಗೆ ಒಂದು ಸಲ ಅಡುಗೆಮನೆಗೆ ಹೋಗಿ ಬರುತ್ತಾನೆ, ಪ್ರತಿ ಸಲವೂ ಹೊಸ ತಟ್ಟೆ, ಹೊಸ ಚಮಚ, ಹೊಸ ಸಾಂಬಾರಿನ ಬಟ್ಟಲು. ಇಡ್ಲಿ ಭಾರ ಅಲ್ಲ, ಆ ಓಡಾಟ ಭಾರ. ಡೇಟಾದ್ದೂ ಇದೇ ಕಥೆ. ಮೀಟರ್ ಸರ್ವರ್ ಜೊತೆ ಮಾತಾಡುವ ಮೊದಲು ಬಾಗಿಲು ತಟ್ಟಬೇಕು, ನಾನು ಯಾರು ಅಂತ ಗುರುತು ಹೇಳಬೇಕು, ನೀನು ಯಾರು ಅಂತ ಕೇಳಬೇಕು, ಬೀಗದ ಕೈ ಸರಿ ಇದೆಯಾ ನೋಡಬೇಕು, ಆಮೇಲೆ ಮಾಲು ಕೊಟ್ಟು, ಸಿಕ್ಕಿತಾ ಅಂತ ಕೇಳಿ, ಬಾಗಿಲು ಹಾಕಿಕೊಂಡು ಬರಬೇಕು. ಈ ಒಂದೊಂದು ಹೆಜ್ಜೆಗೂ ಒಂದು ಪೊಟ್ಟಣ, ಒಂದೊಂದು ಪೊಟ್ಟಣದ ವಿಳಾಸದ ಚೀಟಿಯೇ 40 ಬೈಟ್. ಹತ್ತು ಪೊಟ್ಟಣ ಅಂದರೂ 400 ಬೈಟ್ ಬರೀ ಚೀಟಿ, ಒಳಗಿನ ಮಾಲು ಮಾತ್ರ 40. ಇದನ್ನು ದಿನಕ್ಕೆ 96 ಸಲ ಮಾಡಿದರೆ, ಅದೂ ಲಕ್ಷಗಟ್ಟಲೆ ಮೀಟರ್ ಒಟ್ಟಿಗೆ ಮಾಡಿದರೆ, ದಾರಿ ತುಂಬ ಖಾಲಿ ತಟ್ಟೆಗಳೇ.

ಹಾಗಾಗಿ ಮನೆ ಮೀಟರ್ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ. ಬರೆದುಕೊಳ್ಳುವುದನ್ನು 15 ನಿಮಿಷಕ್ಕೊಮ್ಮೆ ಬರೆದುಕೊಳ್ಳಲಿ, ಕಳಿಸುವುದನ್ನು ನಾಲ್ಕಾರು ಗಂಟೆಗೊಮ್ಮೆ ಒಟ್ಟಿಗೆ ಕಳಿಸಲಿ. ನಿಮ್ಮ ಮನೆಯ ಫ್ರಿಜ್ ಎಷ್ಟು ತಿಂದಿತು ಅನ್ನುವುದು ಯಾರಿಗೂ ಆ ಕ್ಷಣವೇ ಬೇಕಿಲ್ಲ. ಬೀದಿಯ ಡಿಪಿಯಲ್ಲಿ, ಅಂದರೆ ಗಲ್ಲಿಗೆಲ್ಲ ಕರೆಂಟ್ ಹಂಚುವ ಕಟ್ಟೆಯಲ್ಲಿ, ಟ್ರಾನ್ಸ್‌ಫಾರ್ಮರಿಗೆ ಹಾಕಿದ ಮೀಟರ್ ಬೇರೆ, ಅದು ಬೇಗ ಬೇಗ ಹೇಳಬೇಕು, ಯಾಕೆಂದರೆ ಅದು ಬಿಸಿಯಾದರೆ ಇಡೀ ಗಲ್ಲಿ ಕತ್ತಲಾಗುತ್ತದೆ. ಮುಚ್ಚಳ ತೆಗೆದದ್ದು, ಕರೆಂಟ್ ಹೋದದ್ದು ಇಂಥವನ್ನು ಕಾಯದೆ ಆಗಲೇ ಕಳಿಸಬೇಕು. ಎಲ್ಲವನ್ನೂ ಅರ್ಜೆಂಟ್ ಮಾಡಿದರೆ ನಿಜವಾದ ಅರ್ಜೆಂಟ್ ಹಿಂದೆ ಬೀಳುತ್ತದೆ.

ಸಾಲನ್ನೇ ಚಿಕ್ಕದು ಮಾಡಲು ಬರುವುದಿಲ್ಲವಾ?

ಬರುತ್ತದೆ, ಮತ್ತೆ ಈ ಭಾಗ ನನಗೆ ಇಷ್ಟ. ಆ 40 ಬೈಟಿನಲ್ಲಿ 14 ಬೈಟ್ ಬರೀ ತಾರೀಕು ಮತ್ತು ಹೊತ್ತು. ಮೊದಲ ಸಾಲು 12 ಗಂಟೆಯದ್ದು ಅಂತ ಗೊತ್ತಿದ್ದರೆ ಎರಡನೆಯದು 12:15 ಅಂತ ಮತ್ತೆ ಹೇಳಬೇಕಾ? ಡಿಎಲ್‌ಎಂಎಸ್‌ನಲ್ಲಿ ಇದಕ್ಕೊಂದು ಉಪಾಯ ಇದೆ, ಊಹಿಸಬಹುದಾದ ಕಡೆ ಬರೀ ಒಂದು ಬೈಟಿನ ಖಾಲಿ ಗುರುತು ಹಾಕಿದರೆ ಸಾಕು. 13 ಬೈಟ್ ಉಳಿಯಿತು. 95 ಸಾಲಿಗೆ 1235 ಬೈಟ್.

ಸೋಲಾರ್ ಇಲ್ಲದ ಮನೆಯಲ್ಲಿ ಹೊರಗೆ ಹೋದ ಯೂನಿಟ್ ಯಾವಾಗಲೂ ಸೊನ್ನೆ. ಅದಕ್ಕೆ ಎರಡು ಕಾಲಂ, ಐದೈದು ಬೈಟ್. ಮೊದಲಿನದ್ದೇ ಅಂತ ಗುರುತು ಹಾಕಿದರೆ ಸಾಲಿಗೆ ಇನ್ನೂ 8 ಬೈಟ್ ಉಳಿತಾಯ, ಒಟ್ಟು 760. ಈಗ 3840 ಇದ್ದದ್ದು 1845ಕ್ಕೆ ಇಳಿಯಿತು, ಅರ್ಧಕ್ಕೂ ಕಡಿಮೆ, ಒಂದು ಅಂಕಿಯನ್ನೂ ಕಳೆದುಕೊಳ್ಳದೆ. 230.4 ವೋಲ್ಟನ್ನು 2304 ಅಂತ ಕಳಿಸಿ, ಬಿಂದು ಎಲ್ಲಿ ಅನ್ನುವುದನ್ನು ಶುರುವಿನಲ್ಲಿ ಒಮ್ಮೆ ಹೇಳಿಬಿಡುವುದೂ ಇಂಥದ್ದೇ ಜಾಣತನ.

ಒಂದು ಎಚ್ಚರಿಕೆ, ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ: ಮೊದಲು ಹಿಂಡಬೇಕು (ಕಂಪ್ರೆಸ್), ಆಮೇಲೆ ಬೀಗ ಹಾಕಬೇಕು (ಎನ್‌ಕ್ರಿಪ್ಟ್). ಬೀಗ ಹಾಕಿದ ಡೇಟಾ ಬರೀ ಗೋಜಲು, ಅದನ್ನು ಎಷ್ಟು ಹಿಂಡಿದರೂ ಕುಗ್ಗುವುದಿಲ್ಲ.

ಸಿಮ್ ಇರುವ ಮೀಟರ್ ಒಳ್ಳೆಯದಾ, ಮೆಶ್ ಇರುವುದು ಒಳ್ಳೆಯದಾ?

ಜಾಗ ನೋಡದೆ ಉತ್ತರ ಹೇಳುವವರನ್ನು ನಂಬಬೇಡಿ.

ಸಿಮ್ ಇರುವ ಮೀಟರ್ ನೇರವಾಗಿ ಮೊಬೈಲ್ ಟವರ್ ಜೊತೆ ಮಾತಾಡುತ್ತದೆ. ಮೆಶ್‌ನಲ್ಲಿ ಮೀಟರ್ ಪಕ್ಕದ ಮೀಟರ್‌ಗೆ ಹೇಳುತ್ತದೆ, ಅದು ಅದರ ಪಕ್ಕದ್ದಕ್ಕೆ, ಹೀಗೆ ಕೈಯಿಂದ ಕೈಗೆ ದಾಟಿ ಒಂದು ಗೇಟ್‌ವೇ ಪೆಟ್ಟಿಗೆಗೆ ಬರುತ್ತದೆ, ಅಲ್ಲಿಂದ ಸರ್ವರ್‌ಗೆ. ಇದಕ್ಕೆ ಬಳಸುವುದು ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ತರಂಗ.

ಚಾಳ್‌ಗಳಲ್ಲಿ, ಒಂದೇ ಕಟ್ಟಡಕ್ಕೆ ಎಂಬತ್ತು ಮೀಟರ್ ಇರುವ ಮೀಟರ್ ರೂಮಿನಲ್ಲಿ ಮೆಶ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ, ಒಂದರ ದಾರಿ ಮುಚ್ಚಿದರೆ ಇನ್ನೊಂದು ಇದೆ. ಎಂಬತ್ತು ಸಿಮ್ ಬೇಡ, ಗೇಟ್‌ವೇಗೆ ಒಂದು ಸಿಮ್ ಸಾಕು. ಆದರೆ ಕೈಯಿಂದ ಕೈಗೆ ದಾಟಿಸುವಾಗ ಎಲ್ಲರೂ ಅದೇ ಗಾಳಿಯನ್ನು ಹಂಚಿಕೊಳ್ಳಬೇಕು. ಹತ್ತು ಕೈ ದಾಟುವ ಒಂದು ಸುದ್ದಿ ಹತ್ತು ಸಲ ಗಾಳಿಯಲ್ಲಿ ಹೋಗುತ್ತದೆ. ಅದಕ್ಕೇ ಮೆಶ್ ಇರುವಲ್ಲಿ ಡೇಟಾ ಹಿಂಡುವುದು ಇನ್ನೂ ಮುಖ್ಯ.

ಗೋವಾದ ಹಳ್ಳಿಗಳಿಗೆ ಹೋಗಿ ನೋಡಿ. ತೆಂಗಿನ ತೋಟದ ನಡುವೆ ಒಂದು ಮನೆ, ಕೂಗಿದರೂ ಕೇಳದಷ್ಟು ದೂರ ಇನ್ನೊಂದು ಮನೆ, ಗೋಡೆ ದಪ್ಪನೆಯ ಕೆಂಪುಕಲ್ಲಿನದ್ದು, ನಾವು ಕರಾವಳಿಯವರು ಮುರಕಲ್ಲು ಅನ್ನುತ್ತೇವಲ್ಲ ಅದೇ. ಮಳೆಗಾಲದಲ್ಲಿ ಗೋಡೆ ನೆನೆದು, ಎಲೆಗಳೆಲ್ಲ ನೆನೆದು, ಬೇಸಿಗೆಯಲ್ಲಿ ಚೆನ್ನಾಗಿದ್ದ ಕೊಂಡಿ ಜೂನ್ ಬಂದ ಕೂಡಲೇ ಸೊರಗುತ್ತದೆ. ಅಂಥ ಕಡೆ ನಾನಾದರೆ ಸಿಮ್ ಮೀಟರನ್ನೇ ಹಾಕುತ್ತೇನೆ.

ಪುಣೆಯಲ್ಲಿ ಎರಡೂ ಬೇಕು. ಪೇಠೆಗಳ ಹಳೆಯ ವಾಡೆಗಳಲ್ಲಿ ಒಂದು ಲೆಕ್ಕ, ಹಿಂಜೆವಾಡಿಯ ಗೋಪುರಗಳ ಎರಡನೇ ಬೇಸ್‌ಮೆಂಟಿನಲ್ಲಿ ಬೇರೆ ಲೆಕ್ಕ. ಬೇಸ್‌ಮೆಂಟಿಗೆ ಎನ್‌ಬಿ-ಐಒಟಿ ಅಂತ ಒಂದು ಬಗೆಯ ಮೊಬೈಲ್ ತಂತ್ರಜ್ಞಾನ ಇದೆ, 2016ರಲ್ಲಿ ಅದರ ಮಾನಕ ಬಂತು. ಬರೀ 180 ಕಿಲೋಹರ್ಟ್ಸ್ ಅಗಲದ ಸಣ್ಣ ಸಂದಿಯಲ್ಲಿ ನಿಧಾನವಾಗಿ, ಅದೇ ಮಾತನ್ನು ಮತ್ತೆ ಮತ್ತೆ ಹೇಳಿ, ಹಳೆಯ ಮೊಬೈಲ್ ಇಂಟರ್ನೆಟ್ ಆದ ಜಿಪಿಆರ್‌ಎಸ್‌ಗಿಂತ 20 ಡೆಸಿಬೆಲ್ ಆಳಕ್ಕೆ ಇಳಿಯುವ ಹಾಗೆ ಅದನ್ನು ಮಾಡಿದ್ದಾರೆ. ವಿಡಿಯೊ ನೋಡಲು ಆಗುವುದಿಲ್ಲ. ಮೀಟರ್‌ಗೆ ಸಾಕು.

ನಮ್ಮ ಸೊಸೈಟಿಯ ಮೀಟರ್ ರೂಮಿನಲ್ಲಿ ಮೊಬೈಲೇ ಹಿಡಿಯುವುದಿಲ್ಲ. ಏನು ಮಾಡೋಣ?

ನಮ್ಮ ಹತ್ತಿರದ ಒಂದು ಸೊಸೈಟಿಯ ಕಥೆ ಹೇಳುತ್ತೇನೆ, ಹೆಸರು ಬೇಡ. ಆರು ತಿಂಗಳು ಸರಿಯಾಗಿದ್ದ 64 ಮೀಟರ್ ಒಂದು ಭಾನುವಾರ ಒಟ್ಟಿಗೇ ಮಾತು ನಿಲ್ಲಿಸಿದವು. ಸೋಮವಾರ ಹೋಗಿ ನೋಡಿದರೆ ಮೀಟರ್ ರೂಮಿಗೆ ಹೊಸ ಬಾಗಿಲು. ಮೊದಲು ಜಾಲರಿ ಇತ್ತು, ಇಲಿ ಬರುತ್ತದೆ ಅಂತ ಕಮಿಟಿಯವರು ತಗಡಿನ ಬಾಗಿಲು ಹಾಕಿಸಿದ್ದಾರೆ, ಚೆನ್ನಾಗಿ ಬಣ್ಣವನ್ನೂ ಹೊಡೆಸಿದ್ದಾರೆ. 865 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಜಾಲರಿಯ ದೊಡ್ಡ ಕಿಂಡಿಗಳಲ್ಲಿ ಅದು ಹೇಗೋ ನುಸುಳುತ್ತಿತ್ತು, ತಗಡಿನಲ್ಲಿ ಎಲ್ಲಿಂದ ಹೋಗಬೇಕು? ಗೋಡೆಯಲ್ಲಿ ಒಂದು ಸಣ್ಣ ತೂತು ಕೊರೆದು, ಎರಡು ಮೀಟರ್ ಉದ್ದದ ವಯರಿನಲ್ಲಿ ಆಂಟೆನಾವನ್ನು ಹೊರಗೆ ತಂದೆವು. ಅರ್ಧ ಗಂಟೆಯ ಕೆಲಸ. ಮುಂದಿನ ವಾರ ಮತ್ತೆ ನಿಂತಿತು. ವಾಚ್‌ಮನ್ ಆ ಆಂಟೆನಾಕ್ಕೆ ಒದ್ದೆ ಟವೆಲ್ ಹಾಕಿದ್ದ!

ನೀವು ಮಾಡಬೇಕಾದದ್ದು ಇಷ್ಟೇ: ಮೀಟರ್ ರೂಮಿನ ಬಾಗಿಲು ಬದಲಿಸುವ ಮೊದಲು ಒಂದು ಮಾತು ಕೇಳಿ, ಮೀಟರ್ ಪೆಟ್ಟಿಗೆಗೆ ಒರಗಿಸಿ ಗೋದ್ರೆಜ್ ಕಪಾಟು ಇಡಬೇಡಿ, ಆಂಟೆನಾ ಕಂಡರೆ ಬಟ್ಟೆ ಹಾಕಬೇಡಿ.

ಕರೆಂಟ್ ಹೋದರೆ ಮೀಟರ್ ಹೇಗೆ ಹೇಳುತ್ತದೆ? ಅದಕ್ಕೂ ಕರೆಂಟ್ ಇಲ್ಲವಲ್ಲ?

ಮೀಟರ್ ಒಳಗೆ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಕರೆಂಟ್ ಹೋದ ಮೇಲೂ ಸ್ವಲ್ಪ ಹೊತ್ತಿನ ಉಸಿರು ಅದರಲ್ಲಿ ಉಳಿದಿರುತ್ತದೆ. ಆ ಉಸಿರಿನಲ್ಲೇ "ನಾನು ಹೋದೆ" ಅಂತ ಒಂದು ಮಾತು ಕಳಿಸುತ್ತದೆ. ಕರೆಂಟ್ ಬಂದ ಮೇಲೆ "ಬಂದೆ" ಅನ್ನುತ್ತದೆ. ನೀವು ಫೋನ್ ಮಾಡುವ ಮೊದಲೇ ಆಫೀಸಿಗೆ ಗೊತ್ತಾಗಬೇಕು ಅನ್ನುವುದು ಉದ್ದೇಶ. ಗೊತ್ತಾದ ಮೇಲೆ ವಾಯರ್‌ಮನ್ ಯಾವಾಗ ಬರುತ್ತಾನೆ ಅನ್ನುವುದು ನನ್ನ ಇಲಾಖೆ ಅಲ್ಲ.

ಒಂದು ಮನೆ, ಒಂದು ಗಲ್ಲಿ ಆದರೆ ಇದು ಸುಲಭ. 2020ರ ಅಕ್ಟೋಬರ್ 12ರ ಬೆಳಗ್ಗೆ ನೆನಪಿದೆಯಾ? ಮುಂಬಯಿ, ಠಾಣೆ, ನವಿ ಮುಂಬಯಿ ಒಟ್ಟಿಗೇ ಆರಿಹೋಗಿ, ಲೋಕಲ್‌ಗಳು ನಿಂತಲ್ಲೇ ನಿಂತವು. ಅಂಥ ದಿನ ಲಕ್ಷಾಂತರ ಮೀಟರ್ ಒಂದೇ ಸೆಕೆಂಡಿನಲ್ಲಿ ಕೂಗಿದರೆ ಒಂದರ ಮಾತೂ ಕೇಳುವುದಿಲ್ಲ. ಡೊಂಬಿವಲಿಯಲ್ಲಿ ಬೆಳಗ್ಗೆ ಫಾಸ್ಟ್ ಲೋಕಲ್ ಬಂದಾಗ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರೆ ಯಾರೂ ಹತ್ತುವುದಿಲ್ಲ, ಹಾಗೆ. ಅದಕ್ಕೆ ಮದ್ದು ಏನೆಂದರೆ ಪ್ರತಿ ಮೀಟರ್ ತನಗೆ ತೋಚಿದಷ್ಟು ಹೊತ್ತು ಸುಮ್ನೆ ಕಾದು ಆಮೇಲೆ ಬಾಯಿ ತೆಗೆಯಬೇಕು. ಒಂದು ಸಲ ಉತ್ತರ ಸಿಗದಿದ್ದರೆ ಮುಂದಿನ ಸಲ ಎರಡರಷ್ಟು ಕಾಯಬೇಕು. ಜೊತೆಗೆ ಇಡೀ ಡಿಪಿ ಆರಿದೆ ಅಂತ ಟ್ರಾನ್ಸ್‌ಫಾರ್ಮರ್ ಮೀಟರ್ ಹೇಳಿದರೆ ಸಾಕು, ಅದರ ಕೆಳಗಿನ ಇನ್ನೂರು ಮನೆಯವು ಹೇಳಬೇಕಾಗಿಲ್ಲ.

ಈ ಪಾಠ ನಾವು ಕಲಿತದ್ದು ಏಟು ತಿಂದು. ಹಿಂದೆ ನಾನಿದ್ದ ಒಂದು ಕೆಲಸದಲ್ಲಿ ಎಲ್ಲ ಮೀಟರಿಗೂ "ಸರಿಯಾಗಿ ರಾತ್ರಿ 12ಕ್ಕೆ ಕಳಿಸು" ಅಂತ ಬರೆದಿದ್ದೆವು. ಶಿಸ್ತಿನ ಮೀಟರ್‌ಗಳು, ಹೇಳಿದ ಹಾಗೇ ಮಾಡಿದವು. 12 ಗಂಟೆ ಒಂದು ನಿಮಿಷಕ್ಕೆ ಸರ್ವರ್ ಮಲಗಿತು. ಉತ್ತರ ಸಿಗದ ಮೀಟರ್‌ಗಳು ಎಲ್ಲ ಒಟ್ಟಿಗೇ ಮತ್ತೆ ಕಳಿಸಿದವು, ಸರ್ವರ್ ಮತ್ತೆ ಮಲಗಿತು. ಬೆಳಗಿನ ತನಕ ಇದೇ ಆಟ. ಒಂದೊಂದು ಮೀಟರಿಗೆ ಒಂದೊಂದು ಹೊತ್ತು ಹಂಚಿಕೊಟ್ಟ ಮೇಲೆ ಅದೇ ಸರ್ವರ್ ತೂಕಡಿಸುತ್ತ ಕೆಲಸ ಮಾಡಿತು.

ಡೇಟಾ ತಲುಪದಿದ್ದರೆ ಅಂದಾಜಿನ ಬಿಲ್ ಹಾಕುತ್ತಾರಾ?

ತಲುಪದಿದ್ದರೂ ಲೆಕ್ಕ ಎಲ್ಲೂ ಹೋಗುವುದಿಲ್ಲ. ಲೋಡ್ ಸರ್ವೇ ಮೀಟರ್ ಒಳಗೆ ಸಾಮಾನ್ಯವಾಗಿ 35 ದಿನ ಇರುತ್ತದೆ. ಕೊಂಡಿ ಸರಿಯಾದ ಕೂಡಲೇ ಸರ್ವರ್ ಎಲ್ಲಿಂದ ತಪ್ಪಿದೆಯೋ ಅಲ್ಲಿಂದ ಕೇಳಿ ತುಂಬಿಕೊಳ್ಳುತ್ತದೆ. ಒಟ್ಟು ಯೂನಿಟ್ ತೋರಿಸುವ ಅಂಕಿಯಂತೂ ಅಳಿಯುವುದೇ ಇಲ್ಲ. ತೀರಾ ಸಿಗದಿದ್ದರೆ ಯಾರಾದರೂ ಬಂದು ಮೀಟರ್ ಮುಖದ ಆಪ್ಟಿಕಲ್ ಪೋರ್ಟಿಗೆ ಕೇಬಲ್ ಅಂಟಿಸಿ ತೆಗೆದುಕೊಂಡು ಹೋಗುತ್ತಾರೆ. ಬಿಲ್ ಬಂದಾಗ ಅದರ ರೀಡಿಂಗನ್ನು ಮೀಟರ್ ಪರದೆಯ ಜೊತೆ ಹೋಲಿಸಿ ನೋಡಿ. ಈ ಅಭ್ಯಾಸ ಹಳೆಯ ಮೀಟರಿಗೂ ಒಳ್ಳೆಯದಿತ್ತು, ಹೊಸದಕ್ಕೂ ಒಳ್ಳೆಯದು.

ಹೊಸ ಮೀಟರ್ ಬಂದ ಮೇಲೆ ಬಿಲ್ ಜಾಸ್ತಿ ಬಂದಿದೆ. ನೆಟ್‌ವರ್ಕ್ ಏನಾದರೂ ಗೋಲ್‌ಮಾಲ್ ಮಾಡುತ್ತಿದೆಯಾ?

ನೆಟ್‌ವರ್ಕಿಗೆ ಯೂನಿಟ್ ಹೆಚ್ಚಿಸಲು ಆಗುವುದಿಲ್ಲ. ಎಣಿಸುವ ಭಾಗ ಬೇರೆ, ಕಳಿಸುವ ಭಾಗ ಬೇರೆ. ಕಳಿಸುವ ಕಾರ್ಡನ್ನು ಕಿತ್ತು ಹಾಕಿದರೂ ಎಣಿಕೆ ನಡೆಯುತ್ತಲೇ ಇರುತ್ತದೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೂ ಆ ಪೊಟ್ಟಣವನ್ನೇ ಸರ್ವರ್ ಎಸೆಯುತ್ತದೆ, 120 ಇದ್ದದ್ದು 720 ಆಗಿ ಬರುವುದಿಲ್ಲ.

ಹಾಗಂತ ಮೀಟರ್ ತಪ್ಪೇ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅನುಮಾನ ಇದ್ದರೆ ಮನೆಯಲ್ಲೇ ಸ್ವಲ್ಪ ನೋಡಬಹುದು. ಮೀಟರ್ ಮೇಲೆ ಒಂದು ಯೂನಿಟ್ಟಿಗೆ 3200 ಮಿಣುಕು ಅಂತ ಬರೆದಿದೆ ಅಂದುಕೊಳ್ಳಿ. ಮನೆಯ ಎಲ್ಲವನ್ನೂ ಆಫ್ ಮಾಡಿ 1000 ವಾಟಿನ ಇಸ್ತ್ರಿ ಪೆಟ್ಟಿಗೆ ಒಂದನ್ನೇ ಹಾಕಿ. ಕೆಂಪು ದೀಪ ನಿಮಿಷಕ್ಕೆ 53 ಸಲದ ಆಸುಪಾಸು ಮಿಣುಕಬೇಕು. ವೋಲ್ಟೇಜ್ ಏರಿಳಿತಕ್ಕೆ ನಾಲ್ಕೈದು ಹೆಚ್ಚುಕಮ್ಮಿ ಇರಲಿ, ನೂರು ಮಿಣುಕಿದರೆ ಮಾತ್ರ ದೂರು ಕೊಡಿ. ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ರೀಡಿಂಗ್ ಹೊಂದುತ್ತಿಲ್ಲ ಅಂತ ದೂರು ಕೊಟ್ಟರೆ 5 ದಿನದ ಒಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು. ಇದನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಟ್ಟು ನಂಬರ್ ಇಸಿದುಕೊಳ್ಳಿ.

ಟಿಒಡಿ ಅಂದರೆ ಏನು? ಅದಕ್ಕೂ ಡೇಟಾಗೂ ಏನು ಸಂಬಂಧ?

ದಿನದ ಒಂದೊಂದು ಹೊತ್ತಿಗೆ ಒಂದೊಂದು ದರ. ಬಿಸಿಲಿರುವಾಗ ಸೋಲಾರ್ ಕರೆಂಟ್ ಜಾಸ್ತಿ ಇರುತ್ತದೆ, ಆಗ ಅಗ್ಗ. ಮಹಾವಿತರಣದಲ್ಲಿ ಬೆಳಗ್ಗೆ 9ರಿಂದ ಸಂಜೆ 5ರ ತನಕ ಮನೆಯವರಿಗೆ ರಿಯಾಯಿತಿಯ ಹೊತ್ತು. ವಾಷಿಂಗ್ ಮಷೀನನ್ನು ಮಧ್ಯಾಹ್ನ ಹಾಕಿದರೆ ಸ್ವಲ್ಪ ಉಳಿಯುತ್ತದೆ.

ಸಂಬಂಧ ಇರುವುದು ಗಡಿಯಾರದಲ್ಲಿ. ಮೀಟರಿನ ಗಡಿಯಾರ ಅರ್ಧ ಗಂಟೆ ಮುಂದೆ ಓಡಿದರೆ ನೀವು ನಾಲ್ಕೂವರೆಗೆ ಹಾಕಿದ ಇಸ್ತ್ರಿ ಐದು ಗಂಟೆಯ ಲೆಕ್ಕಕ್ಕೆ ಬೀಳುತ್ತದೆ, ರಿಯಾಯಿತಿ ತಪ್ಪಿತು. ಅದಕ್ಕೇ ಸರ್ವರ್ ಆಗಾಗ ಮೀಟರಿಗೆ ಹೊತ್ತು ಹೇಳಿ ಸರಿ ಮಾಡುತ್ತಿರಬೇಕು. ಪರದೆಯ ಮೇಲೆ ಸಮಯವೂ ಬರುತ್ತದೆ, ನಿಮ್ಮ ಮೊಬೈಲ್ ಜೊತೆ ಒಮ್ಮೆ ಹೋಲಿಸಿ.

ಈ ಡೇಟಾ ಕಳ್ಳರ ಕೈಗೆ ಸಿಕ್ಕರೆ?

ಪ್ರಶ್ನೆ ಸರಿಯಾಗಿದೆ. 15 ನಿಮಿಷದ ಗೆರೆ ನೋಡಿದರೆ ಬೆಳಗ್ಗೆ ಎಷ್ಟಕ್ಕೆ ಗೀಸರ್ ಹಾಕುತ್ತೀರಿ, ಗಣೇಶನ ಹಬ್ಬಕ್ಕೆ ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ದೀರಾ, ಇಷ್ಟು ಊಹಿಸಬಹುದು. ಅದಕ್ಕೇ ಡೇಟಾ ಮೀಟರಿನಿಂದ ಹೊರಡುವಾಗಲೇ 128 ಬಿಟ್ಟಿನ ಎಇಎಸ್ ಬೀಗ ಹಾಕಿ ಕಳಿಸುತ್ತಾರೆ. ಮೆಶ್‌ನಲ್ಲಿ ಪಕ್ಕದ ಮನೆಯ ಮೀಟರ್ ನಿಮ್ಮ ಪೊಟ್ಟಣ ದಾಟಿಸಿದರೂ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ನನಗೆ ಭಯ ಇರುವುದು ಗಾಳಿಯಲ್ಲಿ ಹೋಗುವ ಡೇಟಾದ ಬಗ್ಗೆ ಅಲ್ಲ, ಫೋನಿಗೆ ಬರುವ ಮೆಸೇಜ್ ಬಗ್ಗೆ. "ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತದೆ, ಮೀಟರ್ ಅಪ್‌ಡೇಟ್ ಮಾಡಲು ಈ ಆ್ಯಪ್ ಹಾಕಿ" ಅಂತ ಬಂದರೆ ಅದು ಕಳ್ಳರದ್ದೇ. ಮೀಟರಿನ ಸಾಫ್ಟ್‌ವೇರ್ ಅದರದೇ ದಾರಿಯಲ್ಲಿ ಬದಲಾಗುತ್ತದೆ, ನಿಮ್ಮ ಫೋನಿಂದ, ನಿಮ್ಮ ಒಟಿಪಿಯಿಂದ ಅದಕ್ಕೆ ಆಗಬೇಕಾದದ್ದು ಏನೂ ಇಲ್ಲ. ಮನೆಯಲ್ಲಿರುವ ಹಿರಿಯರಿಗೆ ಇದನ್ನು ಇವತ್ತೇ ಹೇಳಿ.

ರೇಡಿಯೇಷನ್?

ಕಿವಿಗೆ ಒತ್ತಿಕೊಳ್ಳುವ ಮೊಬೈಲಿಗಿಂತ ಬಹಳ ಕಡಿಮೆ. ಮೀಟರ್ ದಿನದ ಹೆಚ್ಚಿನ ಹೊತ್ತು ಬಾಯಿ ಮುಚ್ಚಿಕೊಂಡೇ ಇರುತ್ತದೆ. ದೂರದ ಲೆಕ್ಕವೂ ಇದೆ: ಎರಡು ಸೆಂಟಿಮೀಟರಿನಿಂದ ಎರಡು ಮೀಟರಿಗೆ ಸರಿದರೆ ತರಂಗದ ಬಲ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಮೊಬೈಲಿನಲ್ಲಿ ಅರ್ಧ ಗಂಟೆ ಮಾತಾಡಿ ನನ್ನನ್ನು ಕೇಳಿದ ಚಿಕ್ಕಮ್ಮನಿಗೂ ಹೇಳಿದ್ದೇನೆ.

ಮೀಟರ್ ತಿನ್ನುವ ಕರೆಂಟ್ ನಮ್ಮ ಬಿಲ್ಲಿಗೆ ಬರುತ್ತದಾ?

ಇಲ್ಲ. ಅದು ತನಗೆ ಬೇಕಾದದ್ದನ್ನು ಎಣಿಸುವ ಜಾಗಕ್ಕಿಂತ ಮೊದಲೇ, ಒಳಗೆ ಬರುವ ವಯರಿನಿಂದ ತೆಗೆದುಕೊಳ್ಳುತ್ತದೆ.

ನನ್ನದು ಹೋಟೆಲ್. ಈ ಡೇಟಾದಿಂದ ನನಗೇನು ಸಿಗುತ್ತದೆ?

ಆ್ಯಪಿನಲ್ಲಿ ದಿನದ ಗೆರೆ ತೋರಿಸುವ ವ್ಯವಸ್ಥೆ ಇದ್ದರೆ ಮೊದಲು ರಾತ್ರಿ ಭಾಗ ನೋಡಿ. ಠಾಣೆಯಲ್ಲಿ ನನ್ನ ಪರಿಚಯದವರೊಬ್ಬರ ಹೋಟೆಲ್ ಇದೆ, ಕುಂದಾಪುರದ ಕಡೆಯವರು. ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕುತ್ತಾರೆ. ಆದರೆ 12ರಿಂದ ಬೆಳಗಿನ 5ರ ತನಕ ಗಂಟೆಗೆ 3 ಯೂನಿಟ್ ಓಡುತ್ತಲೇ ಇದೆ, ಗೆರೆ ಅಲ್ಲಾಡುವುದೇ ಇಲ್ಲ. ಫ್ರೀಜರ್‌ಗಳೆಲ್ಲ ಸೇರಿ ಒಂದು ಯೂನಿಟ್ ಅಂತ ಇಟ್ಟುಕೊಳ್ಳೋಣ, ಉಳಿದ ಎರಡು ಎಲ್ಲಿ? ಹಿಂದಿನ ಕೋಣೆಯ ನೀರಿನ ಬಾಯ್ಲರ್. ರಾತ್ರಿಗೆ 10 ಯೂನಿಟ್, ತಿಂಗಳಿಗೆ 300. ಹುಡುಗರನ್ನು ಕೇಳಿದರೆ "ಬೆಳಗ್ಗೆ ಎದ್ದ ಕೂಡಲೇ ಬಿಸಿನೀರು ಬೇಕಲ್ಲ ಧಣಿ" ಅಂದರಂತೆ. ಅದೂ ನಿಜ. ಈಗ ಬಾಯ್ಲರಿಗೆ ಒಂದು ಟೈಮರ್ ಹಾಕಿಸಿದ್ದಾರೆ, ನಾಲ್ಕೂವರೆಗೆ ತಾನಾಗೇ ಆನ್ ಆಗುತ್ತದೆ.